ಹಳೆಯ ಲ್ಯಾಪ್‌ಟಾಪ್, ಹೊಸ ಬಿಡಿಭಾಗ: ಎಲ್ಲಿಯವರೆಗೆ ದುಡ್ಡು ಹಾಕಬಹುದು?

ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಗಳ ಕೌಂಟರಿನಲ್ಲಿ ದಿನವಿಡೀ ಕೇಳಿಬರುವ ಪ್ರಶ್ನೆಯೊಂದಿದೆ: "ಅಣ್ಣಾ, ಇದಕ್ಕೆ ಇನ್ನೂ ದುಡ್ಡು ಹಾಕಬಹುದಾ, ಇಲ್ಲಾ ಹೊಸದೇ ತಗೊಳ್ಳೋದು ವಾಸಿನಾ?" ಕೇಳುವವರಲ್ಲಿ ಕಾಲೇಜು ಹುಡುಗರಿದ್ದಾರೆ, ಡಿಟಿಪಿ ಮಾಡುವವರಿದ್ದಾರೆ, ಮಗಳ ಆನ್‌ಲೈನ್ ಪಾಠಕ್ಕೆಂದು ಅಣ್ಣನ ಹಳೆಯ ಲ್ಯಾಪ್‌ಟಾಪನ್ನು ಹೊತ್ತು ತಂದ ತಾಯಂದಿರಿದ್ದಾರೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ಮೇಲೆ ಈ ಪ್ರಶ್ನೆ ಇನ್ನೂ ತುರ್ತಿನದಾಗಿದೆ.

ಉತ್ತರ ಮಾತ್ರ ಒಂದಲ್ಲ. ರ‍್ಯಾಮ್ ಮತ್ತು ಎಸ್‌ಎಸ್‌ಡಿ ಹಾಕಿದರೆ ಸಾಕು ಎನ್ನುವವರಿದ್ದಾರೆ. ಮದರ್‌ಬೋರ್ಡನ್ನೇ ಬದಲಿಸಿ ಹಳೆಯ ಕವಚದೊಳಗೆ ಹೊಸ ಯಂತ್ರ ಕಟ್ಟುವವರಿದ್ದಾರೆ. ಯಂತ್ರವನ್ನು ಶುರುಮಾಡುವ ಬಯೋಸ್ ಪ್ರೋಗ್ರಾಮು ಕೈವಶವಾಗದೆ ಯಾವ ಅಪ್‌ಗ್ರೇಡೂ ಪೂರ್ಣವಲ್ಲ ಎಂದು ವಾದಿಸುವವರಿದ್ದಾರೆ. ಎಲ್ಲವನ್ನೂ ಬೆಸುಗೆ ಹಾಕುವುದೇ ಸರಿಯಾದ ಎಂಜಿನಿಯರಿಂಗ್ ಎನ್ನುವವರೂ ಇದ್ದಾರೆ, ಅವರ ಮಾತಿನಲ್ಲಿ ತೂಕವೂ ಇದೆ. ಲ್ಯಾಪ್‌ಟಾಪಿನ ಆಯಸ್ಸನ್ನು ಪ್ರೊಸೆಸರಿನ ವೇಗ ತೀರ್ಮಾನಿಸುತ್ತದೆ ಎಂದು ನಾವು ಸಾಮಾನ್ಯವಾಗಿ ನಂಬಿದ್ದೇವೆ. ಈ ವಾದಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣುವುದು ಬೇರೆ. ಬಿಡಿಭಾಗ ಕಳಚುತ್ತದೆಯೇ, ಕಳಚಿ ಹಾಕಿದ್ದನ್ನು ಸಾಫ್ಟ್‌ವೇರ್ ಒಪ್ಪುತ್ತದೆಯೇ ಎಂಬ ಎರಡು ಸಂಗತಿಗಳೇ ಆಯಸ್ಸನ್ನು ಅಳೆಯುತ್ತವೆ. ಎರಡನೆಯದು ಇನ್ನೂ ದೊಡ್ಡ ತೊಡಕು.

ಕಳಚಿ ಜೋಡಿಸುತ್ತಿದ್ದ ಕಾಲ

1990ರ ದಶಕದ ಮೊದಲ ಲ್ಯಾಪ್‌ಟಾಪ್‌ಗಳಲ್ಲಿ ಒಂದೊಂದು ಕಂಪನಿಗೆ ಒಂದೊಂದು ಬಗೆಯ ಮೆಮೊರಿ ಬೋರ್ಡ್ ಇರುತ್ತಿತ್ತು. ಎಸ್‌ಒ-ಡಿಮ್ ಎಂಬ ಚಿಕ್ಕ ಮೆಮೊರಿ ಪಟ್ಟಿ ಎಲ್ಲರಿಗೂ ಸಮಾನವಾದ ಮಾನದಂಡವಾದ ಮೇಲೆ ಯಾವ ಕಂಪನಿಯ ರ‍್ಯಾಮನ್ನಾದರೂ ಕೊಂಡು ಹಾಕಬಹುದಾಯಿತು. ಎರಡೂವರೆ ಇಂಚಿನ ಹಾರ್ಡ್‌ಡಿಸ್ಕ್ ಕೂಡ ಹಾಗೆಯೇ ಸಾರ್ವತ್ರಿಕವಾಯಿತು. ಆ್ಯಪಲ್ 1998ರಲ್ಲಿ ತಂದ ಪವರ್‌ಬುಕ್ ಜಿ3 'ವಾಲ್‌ಸ್ಟ್ರೀಟ್' ಮಾದರಿಯಲ್ಲಿ ಪ್ರೊಸೆಸರೇ ಒಂದು ಪ್ರತ್ಯೇಕ ಕಾರ್ಡಿನ ಮೇಲೆ ಕೂತಿತ್ತು. ಸೋನೆಟ್, ಪವರ್‌ಲಾಜಿಕ್ಸ್‌ನಂಥ ಹೊರಗಿನ ಕಂಪನಿಗಳು ಅದಕ್ಕೆ ಮುಂದಿನ ಪೀಳಿಗೆಯ ಜಿ4 ಕಾರ್ಡ್ ಮಾಡಿ ಮಾರಿದವು. ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ನಾಲ್ಕನೇ ಪೀಳಿಗೆಯ ಕೋರ್ ಚಿಪ್‌ಗಳವರೆಗೆ, ಅಂದರೆ 2013-14ರ ತನಕ, ಸಾಕೆಟ್ಟಿನ ಪ್ರೊಸೆಸರುಗಳು ಸಿಗುತ್ತಿದ್ದವು. ಒಂದು ತಿರುಪನ್ನು ಅರ್ಧ ಸುತ್ತು ತಿರುಗಿಸಿದರೆ ಚಿಪ್ ಕೈಗೆ ಬರುತ್ತಿತ್ತು. ಐದನೇ ಪೀಳಿಗೆಯಿಂದ ಅದೂ ಬೋರ್ಡಿಗೆ ಬೆಸೆದುಕೊಂಡಿತು.

ಗ್ರಾಫಿಕ್ಸ್ ಕಾರ್ಡಿಗೂ ಎಂಎಕ್ಸ್‌ಎಂ ಎಂಬ ಮಾನದಂಡ ಬಂದಿತ್ತು. ಆದರೆ ಹೀಟ್‌ಸಿಂಕ್‌ನ ಆಕಾರ, ತಿರುಪಿನ ತೂತುಗಳು, ಬಯೋಸ್ ಎಲ್ಲವೂ ಕಂಪನಿಯಿಂದ ಕಂಪನಿಗೆ ಬೇರೆಯಾಗಿದ್ದರಿಂದ ಅದು ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯಿತು.

ದಿಕ್ಕು ಬದಲಾದದ್ದು 2008ರ ಜನವರಿಯಲ್ಲಿ. ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಕಾಗದದ ಲಕೋಟೆಯಿಂದ ಮ್ಯಾಕ್‌ಬುಕ್ ಏರ್ ಹೊರತೆಗೆದು ತೋರಿಸಿದರು. ಆ ತೆಳುವಿಗಾಗಿ ರ‍್ಯಾಮನ್ನು ಬೋರ್ಡಿಗೇ ಬೆಸೆಯಲಾಗಿತ್ತು. 2011ರಲ್ಲಿ ಇಂಟೆಲ್ 'ಅಲ್ಟ್ರಾಬುಕ್' ಎಂಬ ವರ್ಗವನ್ನೇ ಹುಟ್ಟುಹಾಕಿ ವಿಂಡೋಸ್ ಲ್ಯಾಪ್‌ಟಾಪ್‌ಗಳನ್ನೂ ಅದೇ ಹಾದಿಗೆ ತಂದಿತು.

2012ರ ಆ್ಯಪಲ್ ಉದಾಹರಣೆ ಈ ಚರ್ಚೆಗೆ ಒಂದು ಪ್ರಯೋಗದಂತೆ ಒದಗಿಬರುತ್ತದೆ. ಆ ವರ್ಷದ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ ರ‍್ಯಾಮ್ ಬೆಸೆದಿತ್ತು, ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿತ್ತು. ಅದೇ ವರ್ಷದ ಸಾಧಾರಣ 13 ಇಂಚಿನ ಮಾದರಿಯಲ್ಲಿ ಎರಡು ಸ್ಲಾಟ್ ಮತ್ತು ಕಳಚಬಲ್ಲ ಡಿಸ್ಕ್ ಇತ್ತು. ಇದು 2016ರವರೆಗೂ ಮಾರಾಟವಾಯಿತು. 4 ಜಿಬಿಯೊಂದಿಗೆ ಕೊಂಡವರು ಅದನ್ನು 16 ಜಿಬಿಗೆ ಏರಿಸಿ, ಎಸ್‌ಎಸ್‌ಡಿ ಹಾಕಿ ಹಲವು ವರ್ಷ ಬಳಸಿದರು. ರೆಟಿನಾ ಕೊಂಡವರು ಮೊದಲ ದಿನ ಎಷ್ಟು ರ‍್ಯಾಮ್ ಆರಿಸಿದ್ದರೋ ಅಷ್ಟರಲ್ಲೇ ನಿಂತರು. ಆದರೂ ಅಧಿಕೃತ ಮ್ಯಾಕ್‌ಒಎಸ್ ಎರಡಕ್ಕೂ ಒಂದೇ ಕಡೆ, 2019ರ ಕ್ಯಾಟಲಿನಾ ಆವೃತ್ತಿಯಲ್ಲಿ ನಿಂತುಹೋಯಿತು. ಸ್ಲಾಟ್ ಇದ್ದದ್ದು ಯಂತ್ರದ ಉಪಯುಕ್ತತೆಯನ್ನು ಹೆಚ್ಚಿಸಿತು, ಕಂಪನಿ ಇಟ್ಟ ಕೊನೆಯ ದಿನಾಂಕವನ್ನು ಮುಂದೂಡಲಿಲ್ಲ.

ಎರಡೇ ಬಿಡಿಭಾಗ ಸಾಕು ಎನ್ನುವವರು

ಅತಿ ಹೆಚ್ಚು ಜನ ಇರುವುದು ಈ ಬಣದಲ್ಲಿ. ಇವರ ವಾದ ನಿಂತಿರುವುದು ಗಟ್ಟಿಯಾದ ಲೆಕ್ಕದ ಮೇಲೆ. ಹಳೆಯ ಲ್ಯಾಪ್‌ಟಾಪಿನ ಹಾರ್ಡ್‌ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಆ ಪಥಕ್ಕೆ ಸರಿಯಲು ಇನ್ನೊಂದು ಹತ್ತು ಹನ್ನೆರಡು ಮಿಲಿಸೆಕೆಂಡ್. ಹೀಗಾಗಿ ಅಲ್ಲಲ್ಲಿ ಚದುರಿದ ಚಿಕ್ಕ ಕಡತಗಳನ್ನು ಓದುವಾಗ ಡಿಸ್ಕ್ ಸೆಕೆಂಡಿಗೆ ಅರವತ್ತರ ಆಸುಪಾಸಿನಷ್ಟು ಕೆಲಸ ಮಾತ್ರ ಮುಗಿಸಬಲ್ಲದು. ವಿಂಡೋಸ್ ಶುರುವಾಗುವಾಗ ಓದುವುದು ಇಂಥ ಸಾವಿರಾರು ಚೂರುಗಳನ್ನೇ. ಸಾಧಾರಣ ಸಾಟಾ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಸೆಕೆಂಡಿಗೆ ಹತ್ತಾರು ಸಾವಿರ ಓದು ಸಲೀಸು. ಪ್ರೊಸೆಸರ್ ಹಳೆಯದಾಯಿತು ಎಂದು ಜನ ಬೈಯುವ ಬಹಳಷ್ಟು ನಿಧಾನ ವಾಸ್ತವದಲ್ಲಿ ಈ ಕಾಯುವಿಕೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಕೊಟ್ಟ ಬಿಡಿಭಾಗ ಲ್ಯಾಪ್‌ಟಾಪಿನ ಇತಿಹಾಸದಲ್ಲೇ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಲಸವೂ ಕಷ್ಟದ್ದಲ್ಲ, ಗಮನದ್ದು. ಅನುಭವಿ ಮೆಕ್ಯಾನಿಕ್ ಬೇಸ್ ಬಿಚ್ಚುವಾಗ ತಿರುಪುಗಳನ್ನು ಒಂದೇ ಬಟ್ಟಲಿಗೆ ಸುರಿಯುವುದಿಲ್ಲ. ಅವು ಇದ್ದ ಜಾಗದ ನಕ್ಷೆಯಂತೆಯೇ ಮ್ಯಾಟಿನ ಮೇಲೆ ಜೋಡಿಸಿಡುತ್ತಾನೆ. ಉದ್ದದ ತಿರುಪು ಗಿಡ್ಡ ತಿರುಪಿನ ತೂತಿಗೆ ಹೋದರೆ ಬೋರ್ಡನ್ನು ಕೊರೆದು ತಾಮ್ರದ ಗೆರೆಗಳನ್ನೇ ಕತ್ತರಿಸಬಹುದು. ಆಮೇಲೆ ತೆಳು ಪ್ಲಾಸ್ಟಿಕ್ ಚೂರೊಂದನ್ನು ಅಂಚಿಗೆ ತೂರಿಸಿ ಲಾಕುಗಳನ್ನು ಒಂದೊಂದಾಗಿ ಬಿಡಿಸುತ್ತಾನೆ. ಮುಚ್ಚಳ ತೆಗೆದ ಕೂಡಲೇ ಮೊದಲು ಕೈಹಾಕುವುದು ಬ್ಯಾಟರಿಯ ಕನೆಕ್ಟರಿಗೆ. ರಿಬ್ಬನ್ ಕೇಬಲ್ಲನ್ನು ಎಂದೂ ಎಳೆಯುವುದಿಲ್ಲ, ಅದರ ಪುಟ್ಟ ಲಾಕನ್ನು ಉಗುರಿನಿಂದ ಎತ್ತುತ್ತಾನೆ.

ಮಿತಿಗಳು ಬೇರೆ ಕಡೆ ಇವೆ. ಕೋರ್ 2 ಡ್ಯುಯೋ ಕಾಲದ ಇಂಟೆಲ್ 945 ಚಿಪ್‌ಸೆಟ್ ಇರುವ ಯಂತ್ರಕ್ಕೆ 4 ಜಿಬಿ ಹಾಕಿದರೂ ಸುಮಾರು 3 ಜಿಬಿ ಮಾತ್ರ ಕಾಣುತ್ತದೆ. ನಾಲ್ಕನೇ ಪೀಳಿಗೆಯ ಇಂಟೆಲ್ ಲ್ಯಾಪ್‌ಟಾಪಿಗೆ 1.35 ವೋಲ್ಟಿನ ಡಿಡಿಆರ್3ಎಲ್ ರ‍್ಯಾಮೇ ಬೇಕು. 1.5 ವೋಲ್ಟಿನ ಹಳೆಯ ಡಿಡಿಆರ್3 ಪಟ್ಟಿ ಅದೇ ಸ್ಲಾಟಿನಲ್ಲಿ ಸರಿಯಾಗಿ ಕೂರುತ್ತದೆ, ಯಂತ್ರ ಮಾತ್ರ ಏಳುವುದಿಲ್ಲ. ಹಳೆಯ ರ‍್ಯಾಮ್ ಕೊಳ್ಳುವವರು ಅತಿ ಹೆಚ್ಚು ಮೋಸಹೋಗುವುದು ಇಲ್ಲೇ.

ಈ ಬಣಕ್ಕೆ ಎದುರಾಗುವ ಗಂಭೀರ ಆಕ್ಷೇಪ ವೀಡಿಯೊದ್ದು. ಯೂಟ್ಯೂಬ್ ಇಂದು ಬಳಸುವ ವಿಪಿ9, ಎವಿ1 ಮಾದರಿಗಳನ್ನು ಬಿಡಿಸುವ ವಿಶೇಷ ಸರ್ಕ್ಯೂಟ್ ಹಳೆಯ ಚಿಪ್‌ಗಳಲ್ಲಿಲ್ಲ. ಎವಿ1 ಬಿಡಿಸುವ ಸಾಮರ್ಥ್ಯ ಇಂಟೆಲ್ ಲ್ಯಾಪ್‌ಟಾಪಿಗೆ ಬಂದದ್ದು 2020ರ ಹನ್ನೊಂದನೇ ಪೀಳಿಗೆಯಲ್ಲಿ. ಅದಕ್ಕಿಂತ ಹಳೆಯ ಯಂತ್ರದಲ್ಲಿ ಆ ಕೆಲಸವೆಲ್ಲ ಪ್ರೊಸೆಸರಿನ ತಲೆಗೆ ಬೀಳುತ್ತದೆ, ಫ್ಯಾನ್ ಜೋರಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಇದಕ್ಕೆ ರ‍್ಯಾಮಿನಲ್ಲೂ ಎಸ್‌ಎಸ್‌ಡಿಯಲ್ಲೂ ಮದ್ದಿಲ್ಲ.

ಒಡಲನ್ನೇ ಬದಲಿಸುವವರು

ಎರಡನೆಯ ಬಣ ಸಂಖ್ಯೆಯಲ್ಲಿ ಚಿಕ್ಕದು, ಶ್ರದ್ಧೆಯಲ್ಲಿ ದೊಡ್ಡದು. ಇದರ ಕೇಂದ್ರ ಥಿಂಕ್‌ಪ್ಯಾಡ್. ಐಬಿಎಂ 1992ರಲ್ಲಿ ಶುರುಮಾಡಿ 2005ರಲ್ಲಿ ಲೆನೊವೊಗೆ ಒಪ್ಪಿಸಿದ ಈ ಸರಣಿಯ ಬಿಡಿಭಾಗಗಳಿಗೆ ಕಂಪನಿಯೇ ವಿವರವಾದ ಸರ್ವಿಸ್ ಕೈಪಿಡಿ ಪ್ರಕಟಿಸುತ್ತಿತ್ತು. ಯಾವ ತಿರುಪು ಎಲ್ಲಿ, ಯಾವ ಉದ್ದ ಎಂಬುದೂ ಅದರಲ್ಲಿತ್ತು. ಕಚೇರಿಗಳು ಸಗಟಾಗಿ ಕೊಂಡು ಮೂರ್ನಾಲ್ಕು ವರ್ಷಕ್ಕೆ ಕೈಬಿಡುತ್ತಿದ್ದ ಕಾರಣ ಬಿಡಿಭಾಗಗಳ ರಾಶಿಯೂ ಸಿಕ್ಕಿತು.

2012ರ ಎಕ್ಸ್230ಯನ್ನೇ ಹತ್ತಿರದಿಂದ ನೋಡೋಣ. ಇದರ ಪ್ರೊಸೆಸರ್ ಹಿಂದಿನ ವರ್ಷದ ಎಕ್ಸ್220ಗಿಂತ ಉತ್ತಮ. ಆದರೆ ಎಕ್ಸ್220ಯಲ್ಲಿದ್ದ ಏಳು ಸಾಲಿನ ಹಳೆಯ ಶೈಲಿಯ ಕೀಬೋರ್ಡ್ ಹೋಗಿ ಆರು ಸಾಲಿನದು ಬಂತು. ಬರೆಯುವುದೇ ಕಸುಬಾದವರಿಗೆ ಇದು ಸಣ್ಣ ನಷ್ಟವಲ್ಲ. ಹಾಗಾಗಿ ಹಳೆಯ ಕೀಬೋರ್ಡನ್ನು ಹೊಸದರಲ್ಲಿ ಕೂರಿಸುವ ಪ್ರಯತ್ನ ಶುರುವಾಯಿತು. ಕೆಳ ಅಂಚಿನ ನಾಲಗೆಗಳನ್ನು ಅರದಿಂದ ಉಜ್ಜಿ ಸಣ್ಣದು ಮಾಡಬೇಕು. ಕೀಬೋರ್ಡ್ ಬೆಳಕಿಗಾಗಿ ಎಕ್ಸ್230 ಕಳುಹಿಸುವ ವಿದ್ಯುತ್ತು ಹಳೆಯ ಕೀಬೋರ್ಡಿನಲ್ಲಿ ಶಾರ್ಟ್ ಆಗದಂತೆ ಕನೆಕ್ಟರಿನ ಸಂಬಂಧಪಟ್ಟ ಪಿನ್ನಿಗೆ ಕೂದಲೆಳೆಯಷ್ಟು ಟೇಪು ಅಂಟಿಸಬೇಕು. ಇಷ್ಟಾದರೂ ಕೆಲವು ಕೀಲಿಗಳು ತಪ್ಪು ಅರ್ಥ ಕೊಡುತ್ತವೆ. ಕೀಲಿಗಳ ನಕ್ಷೆ ಇರುವುದು ಎಂಬೆಡೆಡ್ ಕಂಟ್ರೋಲರ್ ಎಂಬ ಚಿಕ್ಕ ಚಿಪ್ಪಿನ ಒಳಗಿನ ಪ್ರೋಗ್ರಾಮಿನಲ್ಲಿ. ಉತ್ಸಾಹಿಗಳು ಅದನ್ನೂ ಬಿಡಿಸಿ ಓದಿ, ತಿದ್ದಿ, ಎಲ್ಲರಿಗೂ ಹಂಚಿದರು. ಹೊರಗಿನ ಕಂಪನಿಗಳ ಬ್ಯಾಟರಿಯನ್ನು ತಿರಸ್ಕರಿಸುವ ಬೀಗವೂ ಅದೇ ಚಿಪ್ಪಿನಲ್ಲಿತ್ತು, ಅದೂ ಬಿಚ್ಚಿಕೊಂಡಿತು. 1366×768ರ ಮಂಕು ಪರದೆಯ ಜಾಗದಲ್ಲಿ ಫುಲ್ ಎಚ್‌ಡಿ ಐಪಿಎಸ್ ಪರದೆ ಕೂರಿಸಲು ಡಾಕಿಂಗ್ ಪೋರ್ಟಿಗೆ ಹೋಗುವ ಡಿಸ್‌ಪ್ಲೇ ಸಂಕೇತವನ್ನು ಒಳಗಿನಿಂದಲೇ ಕದ್ದು ತರುವ ಪುಟ್ಟ ಬೋರ್ಡುಗಳನ್ನು ಮಾಡಿ ಮಾರಿದರು.

ಚೀನಾದ 51ಎನ್‌ಬಿ ಎಂಬ ಉತ್ಸಾಹಿಗಳ ಗುಂಪು ಇನ್ನೂ ಮುಂದೆ ಹೋಯಿತು. ಎಕ್ಸ್61ರ ಕವಚಕ್ಕೆ ಹೊಂದುವಂತೆ ಐದನೇ ಪೀಳಿಗೆಯ ಇಂಟೆಲ್ ಚಿಪ್ಪಿನ ಹೊಸ ಬೋರ್ಡನ್ನು ವಿನ್ಯಾಸಮಾಡಿ ಎಕ್ಸ್62 ಎಂದು ಕರೆಯಿತು. ಎಕ್ಸ್200ರ ಕವಚಕ್ಕೆ ಎಂಟನೇ ಪೀಳಿಗೆಯ ಚಿಪ್ ಹಾಕಿದ ಎಕ್ಸ್210 ಆಮೇಲೆ ಬಂತು. ಕೀಬೋರ್ಡು, ಹಿಂಜು, ಮೆಗ್ನೀಸಿಯಂ ಚೌಕಟ್ಟು ಇಪ್ಪತ್ತು ವರ್ಷ ಬಾಳುತ್ತವೆ. ಮುದಿಯಾಗುವುದು ಬೋರ್ಡ್ ಮಾತ್ರ ಎಂಬುದು ಈ ಬಣದ ತಿಳಿವಳಿಕೆ. ಭಾಗಗಳು ಬೇರೆಬೇರೆ ಗತಿಯಲ್ಲಿ ಸವೆಯುವಾಗ ಇಡೀ ಯಂತ್ರವನ್ನು ಒಟ್ಟಿಗೇ ಎಸೆಯುವುದರ ಅವಿವೇಕವನ್ನು ಇವರಷ್ಟು ಸ್ಪಷ್ಟವಾಗಿ ಯಾರೂ ತೋರಿಸಿಕೊಟ್ಟಿಲ್ಲ. ಕೊರತೆಯೂ ಕಣ್ಣಿಗೆ ಬೀಳುವಂಥದ್ದೇ: ತಯಾರಾಗುವುದು ಸಣ್ಣ ಕಂತುಗಳಲ್ಲಿ, ವಾರಂಟಿಯಿಲ್ಲ, ಬಯೋಸ್ ದೋಷ ಸರಿಪಡಿಸುವವರು ಬೆರಳೆಣಿಕೆಯ ಮಂದಿ.

ಇದೇ ತತ್ವವನ್ನು ವ್ಯಾಪಾರವಾಗಿ ನಡೆಸಬಹುದು ಎಂದು ತೋರಿಸಿದ್ದು ನೀರವ್ ಪಟೇಲ್ ಸ್ಥಾಪಿಸಿದ ಅಮೆರಿಕದ ಫ್ರೇಮ್‌ವರ್ಕ್ ಕಂಪನಿ. 2021ರಲ್ಲಿ ಹನ್ನೊಂದನೇ ಪೀಳಿಗೆಯ ಇಂಟೆಲ್ ಬೋರ್ಡಿನೊಂದಿಗೆ ಬಂದ ಅದರ 13 ಇಂಚಿನ ಲ್ಯಾಪ್‌ಟಾಪಿಗೆ ಮುಂದಿನ ಪೀಳಿಗೆಗಳ ಬೋರ್ಡೂ ಹೊಂದುತ್ತದೆ, ಎಎಂಡಿ ರೈಜೆನ್ ಬೋರ್ಡೂ ಹೊಂದುತ್ತದೆ.

ಬಯೋಸ್ ಯಾರ ಕೈಯಲ್ಲಿ?

ಹಳೆಯ ಥಿಂಕ್‌ಪ್ಯಾಡಿಗೆ ಹೊಸ ವೈಫೈ ಕಾರ್ಡ್ ಹಾಕಿದರೆ ಯಂತ್ರ ಶುರುವಾಗದೆ, ಅನುಮತಿಯಿಲ್ಲದ ಕಾರ್ಡ್ ಎಂಬ ಸಂದೇಶ ತೋರಿಸಿ ನಿಲ್ಲುತ್ತಿತ್ತು. ಎಚ್‌ಪಿಯ ಹಲವು ಮಾದರಿಗಳಲ್ಲೂ ಒಪ್ಪಿತ ಕಾರ್ಡುಗಳ ಇಂಥದೇ ಪಟ್ಟಿ ಇತ್ತು. ಕಾರ್ಡ್ ಸರಿಯಾಗಿದೆ, ಸ್ಲಾಟ್ ಸರಿಯಾಗಿದೆ, ಬಯೋಸಿನ ಪಟ್ಟಿಯಲ್ಲಿ ಹೆಸರಿಲ್ಲ, ಅಷ್ಟೆ. ಮೂರನೆಯ ಬಣ ಹುಟ್ಟುವುದು ಇಂಥ ಅನುಭವದಿಂದ.

1999ರಲ್ಲಿ ಅಮೆರಿಕದ ಲಾಸ್ ಅಲಾಮೊಸ್ ಪ್ರಯೋಗಾಲಯದಲ್ಲಿ ರಾನ್ ಮಿನಿಕ್ ಶುರುಮಾಡಿದ ಲಿನಕ್ಸ್‌ಬಯೋಸ್ ಯೋಜನೆ ಮುಂದೆ ಕೋರ್‌ಬೂಟ್ ಆಯಿತು. ಅದರಿಂದ ಲಿಬ್ರೆಬೂಟ್ ಕವಲೊಡೆಯಿತು. ಎಕ್ಸ್230ಯಲ್ಲಿ ಬಯೋಸ್ ಇರುವುದು 8 ಎಂಬಿ ಮತ್ತು 4 ಎಂಬಿಯ ಎರಡು ಚಿಪ್ಪುಗಳಲ್ಲಿ. ಎಂಟು ಕಾಲಿನ ಚಿಪ್ಪಿಗೆ ಕ್ಲಿಪ್ ಹಚ್ಚಿ, ಅಗ್ಗದ ಪ್ರೋಗ್ರಾಮರಿನಿಂದ ಹಳೆಯದನ್ನು ಓದಿ ಉಳಿಸಿಕೊಂಡು, ಹೊಸದನ್ನು ಬರೆಯುತ್ತಾರೆ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು: ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಕಪ್ಪು ಬಣ್ಣದ ಸಿಎಚ್341ಎ ಪ್ರೋಗ್ರಾಮರು ಡೇಟಾ ತಂತಿಗಳಿಗೆ 5 ವೋಲ್ಟ್ ಕೊಡುತ್ತದೆ, ಬಯೋಸ್ ಚಿಪ್ಪಿಗೆ ಬೇಕಾದದ್ದು 3.3 ವೋಲ್ಟ್.

ಈ ಬಣಕ್ಕೆ ಸ್ವಾತಂತ್ರ್ಯವೇ ಮುಖ್ಯ. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2013ರಲ್ಲಿ ಸ್ವತಂತ್ರ ಬಯೋಸ್ ಇರುವ ಎಕ್ಸ್60ಗೂ ಆಮೇಲೆ ಎಕ್ಸ್200ಗೂ ತನ್ನ ಪ್ರಮಾಣಪತ್ರ ಕೊಟ್ಟಿತು. ಎಕ್ಸ್200ರಲ್ಲಿ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಗುಪ್ತ ಉಪವ್ಯವಸ್ಥೆಯ ಪ್ರೋಗ್ರಾಮನ್ನು ಪೂರ್ತಿಯಾಗಿ ತೆಗೆದುಹಾಕಬಹುದು. ಆದರೆ 2018ರ ಜನವರಿಯಲ್ಲಿ ಪ್ರೊಸೆಸರುಗಳ ಸ್ಪೆಕ್ಟರ್ ಎಂಬ ಭದ್ರತಾ ದೋಷ ಬಯಲಾದ ಮೇಲೆ, ಎಕ್ಸ್200ರ ಪೆನ್ರಿನ್ ಪೀಳಿಗೆಯ ಚಿಪ್ಪುಗಳಿಗೆ ಮೈಕ್ರೋಕೋಡ್ ತಿದ್ದುಪಡಿ ಕೊಡುವುದಿಲ್ಲ ಎಂದು ಇಂಟೆಲ್ ಅದೇ ವರ್ಷದ ಏಪ್ರಿಲಿನಲ್ಲಿ ತಿಳಿಸಿತು. ಅತಿ ಹೆಚ್ಚು ಸ್ವತಂತ್ರವಾದ ಲ್ಯಾಪ್‌ಟಾಪೇ ಚಿಪ್ಪಿನ ಮಟ್ಟದಲ್ಲಿ ತಿದ್ದುಪಡಿ ಕಾಣದ ಲ್ಯಾಪ್‌ಟಾಪೂ ಆಯಿತು. ಈ ಇಕ್ಕಟ್ಟಿಗೆ ಈ ಬಣದಲ್ಲಿ ತೃಪ್ತಿಕರ ಉತ್ತರ ನನಗೆ ಕಂಡಿಲ್ಲ.

ಬೆಸುಗೆಯ ಪರವಾಗಿ

ಬೆಸೆದ ರ‍್ಯಾಮನ್ನು ಬರೀ ದುರಾಸೆಯ ಫಲ ಎಂದು ತಳ್ಳಿಹಾಕುವುದು ಸುಲಭ, ಸರಿಯಲ್ಲ. ಸಂಕೇತ ವೇಗವಾದಷ್ಟೂ ತಂತಿಯ ಉದ್ದ, ಕನೆಕ್ಟರಿನ ಲೋಹದ ಪ್ರತಿ ತಿರುವು ಅದನ್ನು ಕೆಡಿಸುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಓಡಿ ಬ್ಯಾಟರಿ ಉಳಿಸುವ ಎಲ್‌ಪಿಡಿಡಿಆರ್ ಮೆಮೊರಿಗೆ ಬಹುಕಾಲ ಸ್ಲಾಟಿನ ರೂಪವೇ ಇರಲಿಲ್ಲ. ಆ್ಯಪಲ್ 2020ರ ನವೆಂಬರಿನಲ್ಲಿ ತಂದ ಎಂ1ರಲ್ಲಿ ಮೆಮೊರಿ ಪ್ರೊಸೆಸರಿನ ಜೊತೆ ಒಂದೇ ಪೊಟ್ಟಣದಲ್ಲಿದೆ. ಮರುವರ್ಷದ ಎಂ1 ಮ್ಯಾಕ್ಸ್‌ನಲ್ಲಿ ಮೆಮೊರಿಯ ವೇಗ ಸೆಕೆಂಡಿಗೆ 400 ಜಿಬಿ. ಎರಡು ಸ್ಲಾಟಿನ ಡಿಡಿಆರ್5-5600 ಲ್ಯಾಪ್‌ಟಾಪಿನಲ್ಲಿ ಅದು 90ರ ಒಳಗೇ.

ಈ ವಾದಕ್ಕೆ ಅತಿ ದೊಡ್ಡ ಬಲ ಬಂದದ್ದು ಎದುರು ಪಾಳಯದಿಂದ. ಕಳಚಬಲ್ಲ ಯಂತ್ರಗಳಿಗೇ ಹೆಸರಾದ ಫ್ರೇಮ್‌ವರ್ಕ್ 2025ರಲ್ಲಿ ಎಎಂಡಿಯ ರೈಜೆನ್ ಎಐ ಮ್ಯಾಕ್ಸ್ ಚಿಪ್ಪಿನ ಡೆಸ್ಕ್‌ಟಾಪ್ ತಂದಾಗ ಅದರ ಮೆಮೊರಿ ಬೆಸೆದೇ ಇತ್ತು. ಕಳಚಬಲ್ಲ ಮಾಡ್ಯೂಲ್ ಹಾಕಲು ಎಎಂಡಿ ಜೊತೆ ಪರಿಶೀಲಿಸಿದರೂ ಆ ವೇಗದಲ್ಲಿ ಸಂಕೇತ ನಿಲ್ಲಲಿಲ್ಲ ಎಂದು ಕಂಪನಿ ಬಿಚ್ಚುಮನಸ್ಸಿನಿಂದ ಹೇಳಿತು.

ಆದರೂ ಈ ತರ್ಕ ಎಲ್ಲ ಕಡೆ ಅನ್ವಯಿಸುವುದಿಲ್ಲ. ಸಂಗ್ರಹಕ್ಕೆ ಇಂಥ ಒತ್ತಡವೇ ಇಲ್ಲ, ಕಳಚಬಲ್ಲ ಎಂ.2 ಎಸ್‌ಎಸ್‌ಡಿಗಳು ಸಾಕಷ್ಟು ವೇಗವಾಗಿಯೇ ಇವೆ. ಬ್ಯಾಟರಿಯನ್ನು ಅಂಟಿಸುವುದಕ್ಕೂ ಸಂಕೇತಕ್ಕೂ ಸಂಬಂಧವಿಲ್ಲ. ದಪ್ಪ ಕವಚದ ಅಗ್ಗದ ಲ್ಯಾಪ್‌ಟಾಪಿನಲ್ಲಿ 8 ಜಿಬಿ ಬೆಸೆದು ಒಂದೂ ಸ್ಲಾಟ್ ಕೊಡದಿರುವುದಕ್ಕೆ ಭೌತಶಾಸ್ತ್ರವನ್ನು ಹೊಣೆಮಾಡಲಾಗದು.

ಮಧ್ಯದ ದಾರಿಯೊಂದು ತೆರೆದಿದೆ. ಡೆಲ್ 2022ರಲ್ಲಿ ತನ್ನ ಪ್ರಿಸಿಷನ್ ಲ್ಯಾಪ್‌ಟಾಪಿಗೆ ಮಾಡಿದ ಚಪ್ಪಟೆ ಮಾಡ್ಯೂಲ್ ಬೆಳೆದು, 2023ರ ಡಿಸೆಂಬರಿನಲ್ಲಿ ಕ್ಯಾಮ್2 ಎಂಬ ಹೆಸರಿನಲ್ಲಿ, ಮೆಮೊರಿಯ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ಮಾನದಂಡವಾಯಿತು. ಮರುವರ್ಷ ಲೆನೊವೊದ ಥಿಂಕ್‌ಪ್ಯಾಡ್ ಪಿ1ರಲ್ಲಿ ಎಲ್‌ಪಿಡಿಡಿಆರ್ ಮೆಮೊರಿ ಕಳಚಬಲ್ಲ ರೂಪದಲ್ಲಿ ಬಂತು.

ಕಸ, ಕರೆಂಟು, ಕಾನೂನು

2022ರಲ್ಲಿ ಜಗತ್ತಿನ ಇ-ತ್ಯಾಜ್ಯ 6.2 ಕೋಟಿ ಟನ್, ಅದರಲ್ಲಿ ಲೆಕ್ಕಕ್ಕೆ ಸಿಕ್ಕಂತೆ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡಾ 22.3 ಎಂದು ವಿಶ್ವಸಂಸ್ಥೆಯ ಸಂಸ್ಥೆಗಳ ವರದಿ ಹೇಳುತ್ತದೆ. ಹಳೆಯ ಯಂತ್ರ ಹೆಚ್ಚು ಕರೆಂಟು ತಿನ್ನುತ್ತದಲ್ಲ ಎಂಬ ಪ್ರಶ್ನೆಯನ್ನು ಅಂದಾಜಿನ ಲೆಕ್ಕಕ್ಕೆ ಒಡ್ಡೋಣ. ಹೊಸದಕ್ಕಿಂತ 15 ವ್ಯಾಟ್ ಹೆಚ್ಚು ಎಳೆಯುವ ಲ್ಯಾಪ್‌ಟಾಪನ್ನು ದಿನಕ್ಕೆ 5 ಗಂಟೆ, ವರ್ಷಕ್ಕೆ 300 ದಿನ ಬಳಸಿದರೆ ಹೆಚ್ಚುವರಿ ಖರ್ಚು 22.5 ಯೂನಿಟ್. ಯೂನಿಟ್ಟಿಗೆ ಮುಕ್ಕಾಲು ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೂ ವರ್ಷಕ್ಕೆ 17 ಕೆಜಿ. ಹೊಸ ಲ್ಯಾಪ್‌ಟಾಪ್ ಒಂದರ ಒಟ್ಟು ಹೊರೆಯಲ್ಲಿ ಬಹುಪಾಲು ತಯಾರಿಕೆಯದೇ ಎಂದು ತಯಾರಕರ ಪರಿಸರ ವರದಿಗಳೇ ಒಪ್ಪುತ್ತವೆ, ಅದು ನೂರಾರು ಕೆಜಿಯ ಮಾತು. ಮನೆಬಳಕೆಯ ಮಟ್ಟಿಗೆ ಹಳೆಯದನ್ನು ಉಳಿಸಿಕೊಳ್ಳುವುದರ ಪರ ಇದಕ್ಕಿಂತ ಬಲವಾದ ವಾದ ಬೇಕಿಲ್ಲ.

ಕಾನೂನು ಇನ್ನೂ ಹಿಂದಿದೆ. ಅಮೆರಿಕದ ಆರೆಗನ್ ರಾಜ್ಯ 2024ರಲ್ಲಿ, ಬಿಡಿಭಾಗವನ್ನು ಸಾಫ್ಟ್‌ವೇರಿನಿಂದ ಒಂದೇ ಯಂತ್ರಕ್ಕೆ ಕಟ್ಟಿಹಾಕುವ ಪದ್ಧತಿಗೆ ಕಡಿವಾಣ ಹಾಕಿತು. ಐರೋಪ್ಯ ಒಕ್ಕೂಟದಲ್ಲಿ 2027ರ ಫೆಬ್ರವರಿಯಿಂದ ಕೈಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ಬದಲಿಸುವಂತಿರಬೇಕು ಎಂಬ ನಿಯಮ ಬರಲಿದೆ. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಸಮಿತಿ ಮಾಡಿ, ಅದೇ ವರ್ಷದ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಅದು ಮಾಹಿತಿ ಕೊಡುತ್ತದೆ, ಕಂಪನಿಗಳನ್ನು ಕಟ್ಟುಪಾಡಿಗೆ ಒಳಪಡಿಸುವುದಿಲ್ಲ. ನ್ಯಾಯಾಲಯದಿಂದ ಒಂದು ಮಹತ್ವದ ಹೆಜ್ಜೆ ಬಂದಿದೆ: ಬಳಸಿದ ಹಾರ್ಡ್‌ಡಿಸ್ಕುಗಳನ್ನು ಸರಿಪಡಿಸಿ ಮಾರುವುದರ ವಿರುದ್ಧ ತಯಾರಕರು ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2024ರಲ್ಲಿ, ಮೂಲ ತಯಾರಕರು ಯಾರು, ಅವರ ವಾರಂಟಿ ಇಲ್ಲ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ ಮಾರಬಹುದು ಎಂದಿತು.

ಇನ್ನೂ ಇತ್ಯರ್ಥವಾಗದ್ದು

ಮೊದಲನೆಯದು ಸಾಫ್ಟ್‌ವೇರಿನ ಗಡಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಮತ್ತು ಇಂಟೆಲ್‌ನಲ್ಲಾದರೆ ಬಹುಮಟ್ಟಿಗೆ ಎಂಟನೇ ಪೀಳಿಗೆ ಬೇಕು. 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಏಳನೇ ಪೀಳಿಗೆಯ ಗಟ್ಟಿ ಯಂತ್ರ ಆ ಗೆರೆಯ ಹೊರಗೆ ಉಳಿದಿದೆ. ಮನೆಬಳಕೆದಾರರಿಗೆ ಕೊಟ್ಟ ಒಂದು ವರ್ಷದ ಹೆಚ್ಚುವರಿ ಭದ್ರತೆಯನ್ನು ಮೈಕ್ರೋಸಾಫ್ಟ್ 2026ರ ಅಕ್ಟೋಬರ್‌ವರೆಗೆ ಎಂದು ಘೋಷಿಸಿತ್ತು. ಆಮೇಲೆ ಲಿನಕ್ಸ್ ಇದೆ, ಅದರಲ್ಲಿ ಯುನಿಕೋಡ್ ಕನ್ನಡವೂ ಚೆನ್ನಾಗಿ ನಡೆಯುತ್ತದೆ. ಆದರೆ ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ವರ್ಷಗಟ್ಟಲೆ ಕಡತ ಕೂಡಿಟ್ಟ ಕಚೇರಿಗಳೂ ಟ್ಯಾಲಿ ನಂಬಿದ ಅಂಗಡಿಗಳೂ ಅಷ್ಟು ಸುಲಭವಾಗಿ ದಾಟಲಾರವು. ಅವರಿಗೆ ಯಾರು, ಯಾವ ಖರ್ಚಿನಲ್ಲಿ ನೆರವಾಗಬೇಕು ಎಂಬುದನ್ನು ಯಾವ ಬಣವೂ ಹೇಳಿಲ್ಲ.

ಎರಡನೆಯದು ಬ್ಯಾಟರಿ. ಹತ್ತು ವರ್ಷ ಹಳೆಯ ಮಾದರಿಗೆ ಕಂಪನಿಯ ಬ್ಯಾಟರಿ ಸಿಕ್ಕರೂ ಗೋದಾಮಿನಲ್ಲೇ ಅದು ಮುದಿಯಾಗಿರುತ್ತದೆ. ಹೊರಗಿನದರ ಗುಣಮಟ್ಟಕ್ಕೆ ಭರವಸೆಯಿಲ್ಲ. ಪ್ಯಾಕ್ ಬಿಚ್ಚಿ 18650 ಸೆಲ್ ಬದಲಿಸುವುದು ಬೆಂಕಿಯ ಅಪಾಯದ ಕೆಲಸ, ಅದನ್ನು ಮನೆಯಲ್ಲಿ ಮಾಡಬೇಡಿ ಎಂದೇ ನಾನು ಹೇಳುತ್ತೇನೆ. ಅಂಗಡಿಗಳಲ್ಲಿ ಸುರಕ್ಷಿತವಾಗಿ ಮಾಡುವ ಒಪ್ಪಿತ ಕ್ರಮವೊಂದು ನಮ್ಮಲ್ಲಿ ಇನ್ನೂ ರೂಢಿಗೆ ಬಂದಿಲ್ಲ.

ಮೂರನೆಯದು ಬೆಲೆ. ಎರಡು ಬಿಡಿಭಾಗದ ವಾದ ನಿಂತಿದ್ದೇ ಅಗ್ಗದ ಮೆಮೊರಿಯ ಮೇಲೆ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಮೆಮೊರಿ ಬೆಲೆ ಜಿಗಿಯಿತು. ಅಪ್‌ಗ್ರೇಡ್ ಮಾಡುವವರ ನೆಚ್ಚಿನ ಕ್ರೂಷಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರದಿಂದ ಹೊರಬರುವುದಾಗಿ ಮೈಕ್ರಾನ್ ಆ ಡಿಸೆಂಬರಿನಲ್ಲಿ ಪ್ರಕಟಿಸಿತು. ಹಳೆಯ ಲ್ಯಾಪ್‌ಟಾಪಿನ ರ‍್ಯಾಮಿಗೆ ಇದರಿಂದ ಬೇಡಿಕೆ ಹೆಚ್ಚುತ್ತದೆಯೇ, ಅಥವಾ ಆ ರ‍್ಯಾಮೇ ಕೈಗೆಟುಕದಂತಾಗುತ್ತದೆಯೇ ಎಂಬುದು ಗೊತ್ತಾಗಿಲ್ಲ. ಕ್ಯಾಮ್2 ಮಾಡ್ಯೂಲು ದುಬಾರಿ ವರ್ಕ್‌ಸ್ಟೇಶನ್ನುಗಳಿಂದ ಇಳಿದು ನಲವತ್ತು ಸಾವಿರ ರೂಪಾಯಿಯ ಲ್ಯಾಪ್‌ಟಾಪಿನೊಳಗೆ ಬರುತ್ತದೆಯೇ ಎಂಬುದೂ ಅಷ್ಟೇ ತೆರೆದ ಪ್ರಶ್ನೆ. ಬಾರದಿದ್ದರೆ, ಇಂದು ಹೊಸದಾಗಿ ಮಾರಾಟವಾಗುತ್ತಿರುವ ಬೆಸೆದ 8 ಜಿಬಿಯ ಯಂತ್ರಗಳು 2032ರ ಹೊತ್ತಿಗೆ ರಿಪೇರಿ ಅಂಗಡಿಗೆ ಬಂದಾಗ ಅಲ್ಲಿನವರು ಬಿಚ್ಚಿ ಬದಲಿಸಲು ಒಳಗೆ ಎಸ್‌ಎಸ್‌ಡಿ ಒಂದನ್ನು ಬಿಟ್ಟು ಹೆಚ್ಚೇನೂ ಇರುವುದಿಲ್ಲ.